ಅಡುಗೆಮನೆ ಕಪಾಟಿನ ತಲೆಕಟ್ಟು

ಅಣ್ಣನಿಗೆ ಸ್ಫೂರ್ತಿ ಬಂದರೆ ತಂಗಿಗೆ ಜ್ವರ ಬರುತ್ತಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಇಬ್ಬರೂ ಸೇರಿ ಫಾಂಟ್ ಮಾಡುವ ಸ್ಟುಡಿಯೋ ತೆರೆದ ದಿನದಿಂದಲೂ ಪಾಲು ಹೀಗೇ ಆಗಿತ್ತು: ಸ್ಫೂರ್ತಿ ಅವನದು, ಬೆನ್ನುನೋವು ಅವಳದು. ನೀರು ಕುಡಿಯಲು ಹೋದವನು ಹೂಜಿಯ ಕೊರಳಲ್ಲಿ ‘ಳ’ ಕಂಡು ಬರುತ್ತಿದ್ದ. ಕ್ಷೌರಕ್ಕೆ ಹೋದವನು ಅರ್ಧ ಗಡ್ಡದಲ್ಲೇ ‘ಠ’ ಹೊತ್ತು ತರುತ್ತಿದ್ದ. ಕಂಡದ್ದನ್ನೆಲ್ಲ ‘ಸ್ಟುಡಿಯೋ ಸಮಾಚಾರ’ ಎಂದು ಬರೆದು ಗಿರಾಕಿಗಳಿಗೆ ಕಳಿಸುವ ಚಟ ಬೇರೆ.

ಅವತ್ತು ಬಸ್ ನಿಲ್ದಾಣದ ಬೋರ್ಡುಗಳ ಫಾಂಟ್ ಸಂಜೆಯೊಳಗೆ ಹೋಗಬೇಕಿತ್ತು. ತಪ್ಪಿದರೆ ಬೋರ್ಡಿನವರು ಕೈಗೆ ಸಿಕ್ಕ ಯಾವುದೋ ಫಾಂಟಿನಲ್ಲಿ ಅಕ್ಷರ ಕತ್ತರಿಸಿ ನೇತುಹಾಕುವವರಿದ್ದರು. ತಂಗಿ ತಿಂಗಳುಗಟ್ಟಲೆ ಕಣ್ಣು ಕೆಡಿಸಿಕೊಂಡದ್ದೆಲ್ಲ ನೀರಿನಲ್ಲಿ ಹೋಮ. ಅವಳು ಕೊನೆಯ ಒತ್ತಕ್ಷರ ತಿದ್ದುತ್ತಿದ್ದಾಗ ಅಣ್ಣ ಅಡುಗೆಮನೆಯಿಂದ ಓಡಿಬಂದ.

“ಪುಟ್ಟೀ, ತಲೆಕಟ್ಟು ಬದಲಾಯಿಸೋಣ!”

ತಲೆಕಟ್ಟೆಂದರೆ ಅಕ್ಷರದ ನೆತ್ತಿಯ ಕೊಂಡಿ. ಕ, ತ, ಪ, ಸ, ಎಲ್ಲಕ್ಕೂ ಅದೇ ಟೋಪಿ. ಒಂದರದ್ದು ಬದಲಾದರೆ ಊರಿಗೆಲ್ಲ ಟೋಪಿ ಹಾಕಬೇಕು.

“ನನ್ನ ತಲೇನೇ ಬದಲಾಯಿಸು, ಅದು ಸುಲಭ.”

“ಕೇಳೇ ಇಲ್ಲಿ. ಇದಕ್ಕೆ ಜೀವ ಇಲ್ಲ.”

“ಮೊದಲನೇ ಕರಡಿಗೂ ಇದನ್ನೇ ಅಂದೆ. ಅದೂ ಪೂರ್ತಿ ವರ್ಣಮಾಲೆ ಬರೆದು ಮುಗಿಸಿದ ಮೇಲೆ! ‘ಜೀ...ವ ಇಲ್ಲ ಕಣೇ, ಉಸಿರಾಡಲ್ಲ ಕಣೇ’...” ತಂಗಿ ಅವನ ಹಾಗೆಯೇ ಕಣ್ಣು ಮುಚ್ಚಿ, ಬಾಯಿ ತೆರೆದು ಗಾಳಿ ಎಳೆದಳು. “ಅಕ್ಷರಕ್ಕೆ ಶ್ವಾಸಕೋಶ ಎಲ್ಲಿಂದ ತರ್ಲಿ?”

“ಅಣಕಿಸ್ಬೇಡ. ಸಮಾಚಾರದಲ್ಲಿ ಹೊಸ ತಲೆಕಟ್ಟಿನ ಫೋಟೋ ಹಾಕಿ ಕಳಿಸಿಬಿಟ್ಟಿದ್ದೀನಿ.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬೋರ್ಡಿನವರು.

“ಮೇಡಂ, ನಿಮ್ಮಣ್ಣ ಕಳಿಸಿದ ಫೋಟೋ ನೋಡಿದ್ವಿ. ಆ ತಲೆಕಟ್ಟು ದೂರದಿಂದ್ಲೂ ಎದ್ದು ಕಾಣುತ್ತೆ. ಅದೇ ಇರ್ಲಿ. ಸಂಜೆಗೆ ಕೊಡ್ತೀರಲ್ಲ?”

“ಹ್ಞೂಂ, ಕೊಡ್ತೀವಿ” ಎಂದವಳ ದನಿ ಬಾವಿಯೊಳಗಿಂದ ಬಂದಂತಿತ್ತು. ಫೋನಿಟ್ಟು ಅಣ್ಣನ ಕಡೆ ತಿರುಗಿದಳು. “ನೀನು ಬೆಂಕಿ ಹಚ್ಚೋದು, ನಾನು ಕೊಡ ಹೊತ್ಕೊಂಡು ಓಡೋದು! ಎಲ್ಲಿ ಸಿಕ್ತು ಆ ದರಿದ್ರ ಸ್ಫೂರ್ತಿ?”

“ನಮ್ಮ ಕಪಾಟಲ್ಲೇ. ಅಮ್ಮ ಡಬ್ಬಿಗಳ ಕೆಳಗೆ ಹಾಸಿರೋ ಕಾಗದ. ಯಾವನೋ ಅಜ್ಞಾತ ಲಿಪಿಕಾರ ಕಣೇ, ಎಂಥಾ ಕೈ! ಮೂಲೇಲಿ ಒಂದು ರಾಕ್ಷಸನ ಮುಖ ಬೇರೆ ಬರ್ದಿದಾನೆ. ಬಾಯಿ ಬಿಟ್ಕೊಂಡು ಲೋಕಾನೇ ನುಂಗೋ ಹಾಗಿದೆ. ಏನು ಕಲ್ಪನೆ!”

ತಂಗಿ ಎದ್ದುಹೋಗಿ ಡಬ್ಬಿಗಳನ್ನು ಸರಿಸಿದಳು. ಸುಕ್ಕು ಬಿಡಿಸಿ ಹಾಸಿದ್ದ ಕಾಗದ. ಅದರ ಮೇಲೆ ಕಾಫಿ ಲೋಟದ ಉಂಗುರ, ಪಕ್ಕದಲ್ಲಿ ಮುಂದಕ್ಕೆ ಬಾಗಿದ ತಲೆಕಟ್ಟಿನ ಸಾಲು ಸಾಲು ಅಕ್ಷರ, ಮೂಲೆಯಲ್ಲಿ ಕಣ್ಣು ಮುಚ್ಚಿ ಬಾಯಿ ತೆರೆದ ಮುಖ. ಲೋಟ ಅವಳದು. ಅಕ್ಷರ ಅವಳದು. ಅಣ್ಣ ಮೊದಲ ಕರಡಿಗೆ ‘ಜೀವ ಇಲ್ಲ’ ಎಂದ ದಿನ ರೊಚ್ಚಿಗೆದ್ದು ಅವನ ಮುಖ ಬರೆದು, ಮುದುರಿ, ಕಸದ ಬುಟ್ಟಿಗೆ ಎಸೆದವಳೂ ಅವಳೇ.

ನಗಬೇಕೋ, ಡಬ್ಬಿ ಎತ್ತಿ ಎಸೆಯಬೇಕೋ ತಿಳಿಯದೆ ನಿಂತವಳು ಥಟ್ಟನೆ ಕಂಪ್ಯೂಟರಿಗೆ ಓಡಿದಳು. ‘ಸತ್ತವು’ ಎಂಬ ಫೋಲ್ಡರಿನಲ್ಲಿ ಅದೇ ತಲೆಕಟ್ಟಿನ ಮೊದಲ ಕರಡು ಇಡೀ ಕಾಗುಣಿತದ ಸಮೇತ ತಣ್ಣಗೆ ಮಲಗಿತ್ತು. ಗೆರೆಯ ದಪ್ಪ ಎರಡಕ್ಕೂ ಒಂದೇ. ಅದರಲ್ಲಿಲ್ಲದ ಒತ್ತಕ್ಷರಗಳನ್ನಷ್ಟೇ ಹೊಸ ಕರಡಿನಿಂದ ಎತ್ತಿಕೊಂಡಳು. ಒತ್ತಿಗೆ ತಲೆಕಟ್ಟಿನ ಹಂಗಿಲ್ಲ. ಬಿಸಿಲು ಕಿಟಕಿಯಲ್ಲಿರುವಾಗಲೇ ಫೈಲು ಬೋರ್ಡಿನವರಿಗೆ ಹೋಯಿತು.

“ಇಷ್ಟು ಬೇಗ!” ಅಣ್ಣ ಬಾಯಿ ಬಿಟ್ಟ.

ತಂಗಿ ಕಾಗದವನ್ನು ಅವನ ಕೆನ್ನೆಯ ಪಕ್ಕ ಹಿಡಿದಳು. “ಅಮ್ಮಾ, ಬಾ ಇಲ್ಲಿ. ಈ ಅಜ್ಞಾತ ರಾಕ್ಷಸ ಯಾರು ಹೇಳು?”

ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. “ಇನ್ಯಾರು, ಇವನೇ. ಬುಟ್ಟಿಯಿಂದ ತೆಗೆದಾಗ್ಲೇ ಗುರುತು ಸಿಕ್ತು. ಹಾಸಿದ್ಮೇಲೆ ಒಂದು ಜಿರಳೇನೂ ಆ ಕಡೆ ಸುಳಿದಿಲ್ಲ.”

ಅಣ್ಣ ಕಾಗದ ನೋಡಿದ, ತಂಗಿಯನ್ನು ನೋಡಿದ. “ಇದು ನಿಂದಾ? ಇಷ್ಟು ಚೆನ್ನಾಗಿದೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ?”

ತಂಗಿ ಹಣೆ ಚಚ್ಚಿಕೊಂಡಳು. “ಕೂತ್ಕೋ. ಸಮಾಚಾರಕ್ಕೆ ತಿದ್ದುಪಡಿ ಬರಿ. ಅಕ್ಷರ ತಂಗೀದು, ಮುಖ ಅಣ್ಣಂದು ಅಂತ.”

ಅವನು ವಿಧೇಯನಾಗಿ ಬರೆಯತೊಡಗಿದ. ಎರಡು ಸಾಲು ಆದಮೇಲೆ ಕೈ ನಿಂತಿತು. ಕಣ್ಣು ಕಾಫಿ ಲೋಟದ ಉಂಗುರಕ್ಕೆ ಅಂಟಿಕೊಂಡಿತ್ತು.

“ಪುಟ್ಟೀ, ಇಲ್ಲಿ ನೋಡೇ... ನಮ್ಮ ಸೊನ್ನೆ ಏನಾದ್ರೂ ಹೀಗಿದ್ದಿದ್ರೆ...”

“ಅಮ್ಮಾ,” ಎಂದಳು ತಂಗಿ, “ಆ ದೊಡ್ಡ ಡಬ್ಬಿ ಕೊಡು.”