ಬಾಗದ ಪಿಸ್ತೂಲು

ಯಾವೋರ್ಕಾ ಕಣಿವೆಯ ಬೇಟೆಗಾರರಲ್ಲಿ ಟೋಪಿಯ ಕಥೆ ಎಂಬುದೊಂದು ಚಾಲ್ತಿಯಲ್ಲಿದೆ. ನಾನದನ್ನು ಮೂವರಿಂದ ಬೇರೆಬೇರೆಯಾಗಿ ಕೇಳಿದ್ದೇನೆ: ಅರಣ್ಯಪಾಲಕಿ ವೆಂದುಲಾ ಮಿಕೆಸ್ಕೋವಾಳಿಂದ, ಬೇಟೆಗಾರರ ಸಂಘದ ಹಿರಿಯ ಹಿನೆಕ್ ಓರ್ಸಾಗರಿಂದ ಮತ್ತು ವ್ಸೆತಿನ್ ಪೇಟೆಯಲ್ಲಿ ಬಂದೂಕಿನ ಅಂಗಡಿ ಇಟ್ಟಿರುವ ರದಿಮ್‌ನಿಂದ. ಹಿಮ ಎಷ್ಟು ಬಿದ್ದಿತ್ತು, ಜಿಂಕೆಯ ವಯಸ್ಸೆಷ್ಟು ಎಂಬಲ್ಲಿ ಮೂವರ ಮಾತು ಹೊಂದುವುದಿಲ್ಲ. ಟೋಪಿಯ ವಿಷಯದಲ್ಲಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಸಂಘದಲ್ಲಿ ಒಬ್ಬರಿಗೆ ಕೊನೆಯ ಗುಂಡಿನ ಹೊಣೆ ಇರುತ್ತದೆ. ವಾಹನಕ್ಕೆ ಸಿಕ್ಕಿ ಬಿದ್ದ ಪ್ರಾಣಿಯನ್ನೋ ಗಾಯಗೊಂಡು ಪೊದೆ ಹೊಕ್ಕ ಪ್ರಾಣಿಯನ್ನೋ ಹುಡುಕಿ, ಹತ್ತಿರ ನಿಂತು, ಪಿಸ್ತೂಲಿನಿಂದ ಅದರ ಸಂಕಟವನ್ನು ಮುಗಿಸುವ ಹೊಣೆ ಅದು. ಆಮೇಲೆ ಟೋಪಿ ತೆಗೆದು, ಪ್ರಾಣಿಯ ಬಾಯಿಗೆ ಸ್ಪ್ರೂಸ್ ಮರದ ಚಿಗುರೊಂದನ್ನು ಕೊನೆಯ ತುತ್ತಾಗಿ ಇಡುವುದು ಸುತ್ತಲಿನ ಎಲ್ಲ ಊರುಗಳಲ್ಲೂ ಇರುವ ಪದ್ಧತಿ. ಯಾವೋರ್ಕಾದವರು ಅದಕ್ಕೆ ಮತ್ತೊಂದನ್ನು ಸೇರಿಸಿಕೊಂಡಿದ್ದರು. ಪಿಸ್ತೂಲಿನ ಬೆನ್ನಿನಲ್ಲಿ ತೋಟಾದ ಹಿಂಭಾಗಕ್ಕೆ ಪೆಟ್ಟು ಕೊಡುವ ಪುಟ್ಟ ಸುತ್ತಿಗೆಯೊಂದಿರುತ್ತದಲ್ಲ, ಅದಕ್ಕೆ ಕುದುರೆ ಎನ್ನುತ್ತಾರೆ; ಗುಂಡು ಹಾರಿದ ಮೇಲೆ ಮುಂದಿನ ತೋಟಾ ತಾನಾಗಿ ನಳಿಗೆಗೇರಿ, ಕುದುರೆ ಮತ್ತೆ ಹಿಂದಕ್ಕೆ ಸರಿದು ಸಜ್ಜಾಗಿ ನಿಂತಿರುತ್ತದೆ. ಅದನ್ನು ಬರಿಗೈಯ ಹೆಬ್ಬೆರಳಿನಲ್ಲಿ ತಡೆದು, ಟ್ರಿಗರ್ ಒತ್ತಿ, ಪ್ರಾಣಿಯ ಎದುರು ಮೆಲ್ಲಗೆ ಮುಂದಕ್ಕೆ ಇಳಿಸಬೇಕು. ಇದನ್ನು ಅವರು ಪಿಸ್ತೂಲು ಬಾಗುವುದು ಎನ್ನುತ್ತಿದ್ದರು. ಬಾಗದ ಆಯುಧಕ್ಕೆ ಬಲಿಯಾದ ಪ್ರಾಣಿ ಕಾಡಿಗೆ ಮರಳಿ ಹುಟ್ಟಿಬರುವುದಿಲ್ಲ ಎಂಬುದು ನಂಬಿಕೆ.

ಹೊಣೆ ಓರ್ಸಾಗರದಾಗಿತ್ತು. ಅವರ ಮೊಣಕಾಲುಗಳು ಇಳಿಜಾರನ್ನು ಒಲ್ಲೆ ಎನ್ನತೊಡಗಿದ್ದವು. ಪ್ರಾಣಿಯನ್ನು ಹುಡುಕುವುದು ಆಗಲೇ ವೆಂದುಲಾಳ ಮತ್ತು ಅವಳ ನಾಯಿ ಬೋರಾಳ ಕೆಲಸವಾಗಿತ್ತು. ಆ ಶರತ್ಕಾಲದಲ್ಲಿ ಬೆನ್ನುಮೂಳೆ ಮುರಿದ ಗಂಡು ಜಿಂಕೆಯೊಂದರ ಪಕ್ಕ, ಅದರ ಕಣ್ಣಿಗೆ ತನ್ನ ಕೋಟು ಮುಚ್ಚಿ, ಓರ್ಸಾಗರು ಗುಡ್ಡ ಹತ್ತಿ ಬರುವವರೆಗೆ ಅವಳು ಸುಮ್ಮನೆ ಕೂರಬೇಕಾಯಿತು. ಅಂದೇ ಅವಳು ನಿರ್ಧರಿಸಿದಳು, ಇನ್ನು ಯಾವ ಪ್ರಾಣಿಯೂ ತನ್ನ ಪಕ್ಕದಲ್ಲಿ ಹಾಗೆ ಕಾಯಬಾರದು. ಫೆಬ್ರವರಿಯ ಸಭೆಯಲ್ಲಿ ಸಂಘ ಕೈ ಎತ್ತಿದರೆ ಹೊಣೆ ಅವಳದು. ಅದಕ್ಕೆ ಮೊದಲು ಪಿಸ್ತೂಲು ಬೇಕಿತ್ತು.

ರದಿಮ್ ಮೇಜಿನ ಮೇಲೆ ಕಂಬಳಿಯ ತುಂಡು ಹಾಸಿ ಮೂರನ್ನು ಸಾಲಾಗಿ ಇಟ್ಟ. ವೆಂದುಲಾ ಜೇಬಿನಿಂದ ಉಣ್ಣೆಯ ಕೈಗವಸು ತೆಗೆದು ಬಲಗೈಗೆ ಹಾಕಿಕೊಂಡಳು, ರಾತ್ರಿ ಕಾಡಿನಲ್ಲಿ ಹಿಡಿಯುವಂತೆ ಎಡಗೈಯಲ್ಲಿ ಟಾರ್ಚು ಹಿಡಿದಳು.

"ಅಂಗಡಿ ಒಳಗೆ ಅಷ್ಟೊಂದು ಚಳಿ ಏನಿಲ್ಲ," ಎಂದ ರದಿಮ್.

"ಜಿಂಕೆ ನಿನ್ನ ಅಂಗಡಿ ಒಳಗೆ ಬಂದು ಬೀಳಲ್ವಲ್ಲ."

ಮೊದಲನೆಯದು ಪೂರ್ತಿ ಉಕ್ಕು. ಕಣಿವೆಯವರೆಲ್ಲ ಸೈನ್ಯದಲ್ಲಿದ್ದಾಗ ಕೈ ಪಳಗಿಸಿಕೊಂಡ ಜಾತಿ. ಅವಳು ಕಣ್ಣು ಮುಚ್ಚಿ, ಗೋಡೆಯ ಕ್ಯಾಲೆಂಡರಿನ ಹಂದಿಯ ಚಿತ್ರದ ಕಡೆ ಅದನ್ನು ಎತ್ತಿ, ಕಣ್ಣು ತೆರೆದಳು. ನಳಿಗೆ ಒಲೆಯ ಹೊಗೆ ಕೊಳವೆಯನ್ನು ನೋಡುತ್ತಿತ್ತು. ಹಿಡಿ ದಪ್ಪವಾಗಿದ್ದು ಬೆರಳ ತುದಿ ಟ್ರಿಗರನ್ನು ಕಷ್ಟದಿಂದ ಮುಟ್ಟುವಂತಿತ್ತು. ಅವಳು ಅದನ್ನು ಮರ್ಯಾದೆಯಿಂದಲೇ ಕೆಳಗಿಟ್ಟಳು.

"ಹಾಗಾದ್ರೆ ಇದು ತಗೋ," ಎಂದು ರದಿಮ್ ಎರಡನೆಯದನ್ನು ಮುಂದೆ ತಳ್ಳಿದ. "ಮೇಲೆ ಉಕ್ಕು, ಹಿಡಿ ಚೌಕಟ್ಟು ಎಲ್ಲ ಪಾಲಿಮರ್, ಗಟ್ಟಿ ಪ್ಲಾಸ್ಟಿಕ್ಕು, ಹಗುರ. ಕುದುರೇನೂ ಇದೆ. ಮುದುಕ್ರು ಬಾಯಿ ಮುಚ್ಕೋತಾರೆ, ನಿನ್ನ ಸೊಂಟಾನೂ ಉಳಿಯುತ್ತೆ."

ಅವಳು ಖಾಲಿ ಪಿಸ್ತೂಲಿನ ಟ್ರಿಗರನ್ನು ಎರಡು ಸಲ ಎಳೆದು ನೋಡಿದಳು. "ಮೊದಲ್ನೇ ಸಲ ಇಷ್ಟುದ್ದ ಎಳೀಬೇಕು. ಆಮೇಲೆ ಮುಟ್ಟಿದ್ರೆ ಸಾಕು. ಬೆರಳಿಗೆ ಎರಡೆರಡು ಪಾಠ ಯಾಕೆ ರದಿಮ್? ನಂಗೆ ಬೇಕಿರೋದು ಮೊದಲ್ನೇ ಗುಂಡೇ."

"ಮತ್ತೆ ಕುದುರೆ?"

"ಬಗ್ಗಿಸೋಕೋಸ್ಕರ ಒಂದು ಕುದುರೆ ಸಾಕ್ಕೊಂಡಿರ್ಲಾ?"

ಮೂರನೆಯದು ಹೆಚ್ಚು ಚೆಲುವಿನದಲ್ಲ ಎಂಬುದನ್ನು ವೆಂದುಲಾ ಇಂದಿಗೂ ಒಪ್ಪುತ್ತಾಳೆ. ಕಪ್ಪು ಪಾಲಿಮರ್ ಚೌಕಟ್ಟು, ಮೇಲೆ ಉಕ್ಕಿನ ಸ್ಲೈಡು, ಬೆನ್ನಿನಲ್ಲಿ ಏನೂ ಇಲ್ಲ. ತೋಟಾಕ್ಕೆ ಪೆಟ್ಟು ಕೊಡುವುದೆಲ್ಲ ಹೊಟ್ಟೆಯೊಳಗೆ ಅಡಗಿದೆ. ಟ್ರಿಗರಿನ ನಡುವೆ ತೆಳುವಾದ ನಾಲಿಗೆ. ಬೆರಳು ಅದನ್ನು ನೇರವಾಗಿ ಒತ್ತಿದ ಹೊರತು ಟ್ರಿಗರ್ ಅಲುಗದು. ಪೆಟ್ಟಿಗೆಯಲ್ಲಿ ಹಿಡಿಯ ಹಿಂಬದಿಗೆ ಕೂರಿಸುವ ಮೂರು ತುಂಡುಗಳಿದ್ದವು, ಸಣ್ಣ, ನಡು, ದೊಡ್ಡ ಕೈಗಳಿಗೆಂದು. ರದಿಮ್ ಮೊಳೆಯೊಂದನ್ನು ತಟ್ಟಿ ತೆಗೆದು ಸಣ್ಣದನ್ನು ಕೂರಿಸಿಕೊಟ್ಟ. ಅವಳು ಕಣ್ಣು ಮುಚ್ಚಿ ಎತ್ತಿದಳು, ತೆರೆದಳು. ನಳಿಗೆಯ ಮುಂದಿನ ಗುರುತು ಹಿಂದಿನ ಕಂಡಿಯ ನಟ್ಟನಡುವೆ ಕೂತು ಹಂದಿಯ ಕಿವಿಯ ಬುಡವನ್ನು ನೋಡುತ್ತಿತ್ತು. ಮತ್ತೆ ಮಾಡಿದಳು, ಮತ್ತೆ ಅಲ್ಲೇ.

ಬಳಿಕ ಅವಳು ಅದನ್ನೂ ಉಕ್ಕಿನದನ್ನೂ ಹಿತ್ತಿಲ ಬಾಗಿಲ ಹೊರಗೆ, ತಾನು ಕಾಣುವಂತೆ, ಹಿಮದಲ್ಲಿ ಇಡಿಸಿ ಚಹಾ ಕುಡಿದಳು. ಇದು ರದಿಮ್ ಹೇಳಿದ್ದು. ವೆಂದುಲಾ ಚಹಾ ಕುಡಿದದ್ದು ನೆನಪಿಲ್ಲ ಎನ್ನುತ್ತಾಳೆ. ಗವಸು ಕಳಚಿ ಎರಡನ್ನೂ ಹಿಡಿದಾಗ ಉಕ್ಕು ಅಂಗೈಯನ್ನು ಕಚ್ಚಿತು, ಪಾಲಿಮರ್ ಕಚ್ಚಲಿಲ್ಲ.

"ಇದೇ," ಎಂದಳು.

"ಇದು ಬಾಗಲ್ಲ, ವೆಂದುಲಾ. ಓರ್ಸಾಗ್ ಸುಮ್ನೆ ಬಿಡ್ತಾರಾ?"

"ಬಾಗೋದು ನನ್ನ ಸೊಂಟದ ಕೆಲ್ಸ. ಪಿಸ್ತೂಲಿಗೆ ಬೇರೆ ಕೆಲ್ಸ ಇದೆ."

ಆ ಭಾನುವಾರ ಊರಿನ ಪಬ್ಬಿನಲ್ಲಿ, ಹುಳಿಕೋಸಿನ ಸೂಪಿನ ಬಟ್ಟಲುಗಳ ನಡುವೆ, ಅವಳು ಖಾಲಿ ಪಿಸ್ತೂಲನ್ನು ಸಂಘದವರ ಎದುರು ಇಟ್ಟಳು. ಓರ್ಸಾಗರು ಅದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು.

"ಮೊಸರು ತಿಂದಾದ್ಮೇಲೆ ಡಬ್ಬ ತಂದಿದ್ದೀಯೋ, ಇಲ್ಲ ಒಳಗೆ ಇನ್ನೂ ಇದೆಯೋ?"

ಮೇಜಿನ ಸುತ್ತ ಎಲ್ಲರೂ ನಕ್ಕರು. ವೆಂದುಲಾಳೂ ನಕ್ಕಳು.

"ತೂಕಾನೇ ಇಲ್ವಲ್ಲೇ ಹುಡುಗಿ."

"ತೂಕ ಬೇಕು ಅನ್ಸಿದ್ರೆ ಚೀಲದಲ್ಲಿ ಎರಡು ಕಲ್ಲು ಹಾಕ್ಕೋತೀನಿ, ಹಿನೆಕ್ ಮಾವ."

ಓರ್ಸಾಗರು ನಗಲಿಲ್ಲ. ಪಿಸ್ತೂಲನ್ನು ತಿರುಗಿಸಿ ಅದರ ಬೋಳು ಬೆನ್ನನ್ನು ಹೆಬ್ಬೆರಳಿನಿಂದ ಸವರಿದರು. "ಹೊಡೆಯುತ್ತೆ ಅನ್ನೋದ್ರಲ್ಲಿ ನಂಗೆ ಅನುಮಾನ ಇಲ್ಲ. ಆಮೇಲೆ? ನಮ್ಮಪ್ಪ ಬಾಗಿಸ್ತಿದ್ದ, ಅವರಪ್ಪ ಬಾಗಿಸ್ತಿದ್ದ. ಹೊಡೆದು ಜೇಬಿಗೆ ಹಾಕ್ಕೊಂಡು ಹೋಗೋದು ಕಟುಕನ ಕೆಲ್ಸ."

"ಮರಗಟ್ಟಿದ ಬೆರಳಲ್ಲಿ, ತುಂಬಿದ ನಳಿಗೆ ಮೇಲೆ ಕುದುರೆ ಇಳಿಸೋದು ನಾನು ಮಾಡಲ್ಲ ಮಾವ. ಮರ್ಯಾದೆ ಬೇರೆ ಥರ ಕೊಡ್ತೀನಿ."

"ಯಾವ ಥರ?"

"ಇನ್ನೂ ಗೊತ್ತಿಲ್ಲ. ಗೊತ್ತಾದಾಗ ನೀವೇ ನೋಡ್ತೀರ."

"ಸಭೆ ಆಗೋವರೆಗೂ ಕೊನೆಯ ಗುಂಡು ನಂದು," ಎಂದರು ಓರ್ಸಾಗರು. "ಸಭೇಲಿ ನನ್ನ ಕೈ ನಿನ್ನ ವಿರುದ್ಧ. ಬೆನ್ನ ಹಿಂದೆ ಅಲ್ಲ, ಮುಖದೆದುರೇ ಹೇಳ್ತಿದೀನಿ."

ಸಭೆಗೆ ಇನ್ನೂ ಕೆಲವು ದಿನಗಳಿರುವಾಗ, ಕೊರೆಯುವ ಚಳಿಯ ಒಂದು ಬೆಳಿಗ್ಗೆ, ಬ್ರೆಡ್ಡಿನ ವ್ಯಾನೊಂದು ಗರಗಸದ ಕಾರ್ಖಾನೆಯ ತಿರುವಿನಲ್ಲಿ ಎರಡು ಜಿಂಕೆಗಳಿಗೆ ಬಡಿಯಿತು. ತಾಯಿ ಚರಂಡಿಯ ಪಕ್ಕ ಬಿದ್ದಿತ್ತು. ಮರಿ ಕಾಲೆಳೆದುಕೊಂಡು ಕಾಡಿಗೆ ನುಗ್ಗಿತ್ತು. ವೆಂದುಲಾ ಮತ್ತು ಬೋರಾ ಮೊದಲು ತಲುಪಿದರು. ಪಿಸ್ತೂಲು ಅವಳ ಸೊಂಟದಲ್ಲಿತ್ತು, ಆದರೆ ಮಾತು ಮಾತೇ. ಅವಳು ಬೋರಾಳನ್ನು ಮರಿಯ ಜಾಡಿಗೆ ಬಿಟ್ಟು, ಓರ್ಸಾಗರಿಗೆ ಫೋನು ಮಾಡಿ, ಮತ್ತೊಮ್ಮೆ ಕೋಟು ಬಿಚ್ಚಿ ಜಿಂಕೆಯ ಕಣ್ಣು ಮುಚ್ಚಿದಳು. ಆ ಕಾಯುವಿಕೆಯ ಬಗ್ಗೆ ಅವಳು ಹೆಚ್ಚು ಹೇಳುವುದಿಲ್ಲ.

ಓರ್ಸಾಗರು ಬಂದರು. ಒಂದೇ ಗುಂಡು, ಸರಿಯಾದ ಜಾಗಕ್ಕೆ. ಟೋಪಿ ತೆಗೆದು ತಮ್ಮ ಕಾಲಿನ ಮುಂದೆ ಹಿಮದ ಮೇಲಿಟ್ಟರು. ಗವಸು ಕಳಚಿದರು. ಬರಿ ಹೆಬ್ಬೆರಳನ್ನು ಕುದುರೆಯ ಮೇಲಿಟ್ಟು ಟ್ರಿಗರ್ ಒತ್ತಿದರು. ಉಕ್ಕು ಹಿಮದಷ್ಟು ತಣ್ಣಗಿತ್ತು, ಮರಗಟ್ಟಿದ ಹೆಬ್ಬೆರಳು ಜಾರಿದ್ದು ಅವರಿಗೇ ತಿಳಿಯಲಿಲ್ಲ. ಎರಡನೆಯ ಸದ್ದು ಕಣಿವೆಯನ್ನೆಲ್ಲ ಸುತ್ತಿ ಬಂದಾಗ ಟೋಪಿ ಒಂದಡಿ ಆಚೆ ಬಿದ್ದಿತ್ತು, ನೆತ್ತಿಯಲ್ಲಿ ತೂತು.

ಇಲ್ಲಿ ಮೂವರ ಮಾತೂ ಒಂದೇ: ಯಾರೂ ನಗಲಿಲ್ಲ. ರದಿಮ್ ಅಲ್ಲಿರಲಿಲ್ಲ, ಆದರೂ ಹಾಗೆಯೇ ಹೇಳುತ್ತಾನೆ.

"ಮಾವ, ನಳಿಗೆ ನೆಲದ ಕಡೆನೇ ಇರ್ಲಿ," ಎಂದಳು ವೆಂದುಲಾ, ಬೆದರಿದ ಪ್ರಾಣಿಯನ್ನು ಸಮಾಧಾನಪಡಿಸುವ ದನಿಯಲ್ಲಿ. "ಬೆರಳು ಹೊರಗೆ ತೆಗೀರಿ. ಮ್ಯಾಗಜೀನ್ ಇಳಿಸಿ. ಈಗ ಸ್ಲೈಡ್ ಹಿಂದಕ್ಕೆ ಎಳೀರಿ. ಹಾಂ, ಬಂತು ತೋಟಾ."

ಓರ್ಸಾಗರು ಎಲ್ಲವನ್ನೂ ಹೇಳಿದಂತೆ ಮಾಡಿದರು. ತಮ್ಮ ಕಾಲನ್ನು ನೋಡಿದರು, ಟೋಪಿಯನ್ನು ನೋಡಿದರು. ಕಾಡಿನೊಳಗೆ ಬೋರಾ ಬೊಗಳಿತು, ಮರಿ ಸಿಕ್ಕಿತ್ತು.

"ನಿಂದು ತೆಗಿ," ಎಂದರು. "ನಾನು ಹಿಂದೆ ಬರ್ತೀನಿ."

ಮರಿ ಎಳೆಯ ಸ್ಪ್ರೂಸ್ ಮರಗಳ ನಡುವೆ ಕುಸಿದಿತ್ತು. ವೆಂದುಲಾ ಎಡಗೈಯಿಂದ ಕೊಂಬೆಯನ್ನು ಸರಿಸಿ, ಗವಸು ಹಾಕಿದ ಬಲಗೈಯನ್ನು ಎತ್ತಿದಳು. ಕೈ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಗುಂಡು ಹಾರಿತು, ಮರಿಯ ನಡುಕ ನಿಂತಿತು.

ಆಮೇಲೆ ಅವಳು ಅವಸರಿಸಲಿಲ್ಲ. ಮ್ಯಾಗಜೀನ್ ತೆಗೆದು ಜೇಬಿಗಿಟ್ಟಳು. ಸ್ಲೈಡನ್ನು ಹಿಂದಕ್ಕೆಳೆದಳು; ನಳಿಗೆಯಲ್ಲಿದ್ದ ತೋಟಾ ಹಾರಿ ಹಿಮಕ್ಕೆ ಬಿತ್ತು. ಸ್ಲೈಡನ್ನು ಹಿಂದೆಯೇ ಸಿಕ್ಕಿಸಿ ನಿಲ್ಲಿಸಿ, ಒಂದು ಮೊಣಕಾಲೂರಿ ಸೊಂಟ ಬಾಗಿಸಿ, ಎದೆ ತೆರೆದುಕೊಂಡ ಪಿಸ್ತೂಲನ್ನು ಅಂಗೈಯಲ್ಲಿ ಅಡ್ಡ ಮಲಗಿಸಿ ಮರಿಯ ಎದುರು ಹಿಡಿದಳು. ಒಳಗೆ ಏನೂ ಉಳಿದಿರಲಿಲ್ಲ. ನಳಿಗೆಯ ತೂತಿನಿಂದ ತೆಳುವಾಗಿ ಹೊಗೆ ಏಳುತ್ತಿತ್ತು. ಹೊಗೆ ನಿಲ್ಲುವವರೆಗೆ ಹಾಗೆಯೇ ಇದ್ದಳು. ಬಳಿಕ ಚಿಗುರು ಮುರಿದು ಮರಿಯ ಬಾಯಿಗಿಟ್ಟಳು.

ಓರ್ಸಾಗರು ಹಿಮದಲ್ಲಿ ಬಿದ್ದಿದ್ದ ತೋಟಾವನ್ನು ಹೆಕ್ಕಿಕೊಂಡರು.

"ಖಾಲಿ ಅಂತ ನೀನು ಮರಿಗೆ ತೋರಿಸ್ದೆ," ಎಂದರು.

"ಹೂಂ. ನಿಂಗೆ ಇನ್ನೇನೂ ಮಾಡಲ್ಲ ಅಂತ."

"ನಮ್ದು ಬಾಗಿದ್ಮೇಲೂ ಹೊಟ್ಟೇಲಿ ತೋಟಾ ಇದ್ದೇ ಇರ್ತಿತ್ತು."

ಗುಂಡು ಹೊಡೆದವರಿಗೆ ಹಿರಿಯರು ಚಿಗುರನ್ನು ಟೋಪಿಯ ಮೇಲಿಟ್ಟು ಕೊಡುವುದು ರೂಢಿ. ಓರ್ಸಾಗರು ಕೊಂಬೆಯಿಂದ ಚಿಗುರೊಂದನ್ನು ಮುರಿದರು. ಟೋಪಿಯ ಪಟ್ಟಿಗೆ ಸಿಕ್ಕಿಸಹೋದವರು ತಡೆದು, ನೆತ್ತಿಯ ತೂತಿಗೆ ಅದನ್ನು ತೂರಿಸಿದರು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಹಾಗೆಯೇ ಟೋಪಿಯನ್ನು ಅವಳ ಮುಂದೆ ಹಿಡಿದರು.

"ತಗೋ, ವೆಂದುಲ್ಕಾ." ಅಲ್ಲಿಯವರೆಗೆ ಅವರು ಅವಳನ್ನು ಮುದ್ದಿನ ಹೆಸರಿನಿಂದ ಕರೆದದ್ದಿಲ್ಲ.

ಫೆಬ್ರವರಿಯ ಸಭೆಯಲ್ಲಿ ಅವಳ ಹೆಸರು ಬಂದಾಗ ಮೊದಲು ಎದ್ದದ್ದು ಓರ್ಸಾಗರ ಕೈ, ಅವಳ ಪರವಾಗಿ. ತೂತಿನ ಟೋಪಿಯನ್ನು ಅವರು ಮೇಜಿನ ನಡುವೆಯೇ ಇಟ್ಟಿದ್ದರಿಂದ ಉಳಿದವರು ಕಾರಣ ಕೇಳಲಿಲ್ಲ. ಈಗ ಕಣಿವೆಯಲ್ಲಿ ಉಕ್ಕಿನ ಪಿಸ್ತೂಲು ಇದ್ದವರೂ ಅದನ್ನು ಖಾಲಿ ಮಾಡಿ, ತೆರೆದು ಹಿಡಿಯುತ್ತಾರೆ. ಬಾಗುವುದು ಎಂಬ ಹಳೆಯ ಹೆಸರು ಮಾತ್ರ ಹಾಗೆಯೇ ಉಳಿದಿದೆ, ಬಾಗುವುದು ಈಗ ಮನುಷ್ಯರಾದರೂ.

ಸಭೆ ಮುಗಿದು ಪ್ಲಮ್ಮಿನ ಸಾರಾಯಿಯ ಲೋಟಗಳು ಖಾಲಿಯಾಗಿ ಎಲ್ಲರೂ ಕೋಟು ತೊಡುತ್ತಿದ್ದಾಗ ಓರ್ಸಾಗರು ವೆಂದುಲಾಳ ಪಕ್ಕ ಬಂದು ನಿಂತರು.

"ಆ ಮೊಸರು ಡಬ್ಬದ ಪೆಟ್ಟಿಗೇಲಿ ಹಿಡಿಗೆ ಹಾಕೋ ದೊಡ್ಡ ತುಂಡು ಇನ್ನೊಂದಿತ್ತಲ್ಲ," ಎಂದರು, ಗುಂಡಿ ಹಾಕಿಕೊಳ್ಳುತ್ತ, ಅವಳ ಕಡೆ ನೋಡದೆ. "ಬಿಸಾಕಿಲ್ಲ ತಾನೆ?"

"ಅಡುಗೆಮನೆ ಡ್ರಾಯರಲ್ಲಿದೆ, ಮಾವ."

"ಶನಿವಾರ ತಗೊಂಡು ಬಾ. ನನ್ನ ಕೈಗೆ ಕೂರುತ್ತಾ ನೋಡೋಣ."