ಎಡಕ್ಕೆ ಕೂತ ಅರ್ಕಾವತ್ತು

೨೦೦೫ರಲ್ಲಿ ಚಿಂಚವಾಡದ ಕನ್ನಡ ಸಂಘವೊಂದು ತನ್ನ ಮಾಸಪತ್ರಿಕೆಯನ್ನು ಕಂಪ್ಯೂಟರಿನಲ್ಲೇ ಅಚ್ಚಿಗೆ ಸಿದ್ಧಮಾಡಲು ಹೊರಟಿತು. ತಂತ್ರಾಂಶ ಪುಕ್ಕಟೆಯದು, ಅದರೊಳಗಿನ ಕೋಡನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದಿತ್ತು. ಅದನ್ನು ಸೂಚಿಸಿದವಳು ಮಗರಪಟ್ಟಾದ ಕಂಪನಿಯೊಂದರಲ್ಲಿ ಪ್ರೋಗ್ರಾಮರ್ ಆಗಿದ್ದ ಶೈಲಶ್ರೀ. ಮೊದಲ ಪುಟ ಪ್ರಿಂಟಾಗಿ ಬಂದಾಗ, ಅಕ್ಷರದ ಬಲಕ್ಕಿರಬೇಕಾದ ಅರ್ಕಾವತ್ತು ಎಲ್ಲ ಕಡೆಯೂ ಎಡಕ್ಕೆ ಕೂತಿತ್ತು.

ಸಂಘದ ಕಾರ್ಯದರ್ಶಿ ಹೊಳಬಸಪ್ಪ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. "ನನ್ನ ಹುದ್ದೆ ಹೆಸರಿನಾಗ ಎರಡು ತಪ್ಪು ಅದಾವಲ್ಲವ್ವಾ."

"ತಿದ್ದಿ ಕಳಸ್ತೀನ್ರಿ ಕಾಕಾ. ಬರೂ ಸಂಚಿಕೆಗೆ ಸರಿ ಆಗ್ತದ," ಎಂದಳು ಅವಳು.

ತಿದ್ದುವುದು ಕಷ್ಟವಾಗಲಿಲ್ಲ. ಕಷ್ಟ ಶುರುವಾದದ್ದು ಕಳಿಸಿದ ಮೇಲೆ. ತಂತ್ರಾಂಶದಲ್ಲಿ ಅಕ್ಷರ ಜೋಡಿಸುವ ಭಾಗದ ಉಸ್ತುವಾರಿ ದೂರದೇಶದ ಹೆನ್ರಿಕ್ ಎಂಬವನದು. ಅವನು ಒಪ್ಪದೆ ಯಾವ ತಿದ್ದುಪಡಿಯೂ ಒಳಗೆ ಹೋಗುವಂತಿರಲಿಲ್ಲ. ಕೋಡಿನ ಸಾಲಿನ ಮೊದಲಲ್ಲಿ ಬಿಟ್ಟ ಜಾಗ ಸರಿಯಿಲ್ಲ ಎಂದು ವಾಪಸು ಕಳಿಸಿದ. ಸರಿಮಾಡಿದಳು. ಒಂದು ತಿದ್ದುಪಡಿಯನ್ನು ಎರಡು ತುಂಡು ಮಾಡಿ ಎಂದ. ಮಾಡಿದಳು. ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ. ಕೊನೆಗೊಮ್ಮೆ ಬರೆದ: ಹಿಂದಿಯಲ್ಲಿ ಈ ಗುರುತು ಬೇರೆ ರೀತಿ ಬರುತ್ತದಲ್ಲ, ಕನ್ನಡದಲ್ಲಿ ನೀವು ಹೇಳಿದಂತೆಯೇ ಎನ್ನಲು ಆಧಾರವೇನು?

ಶೈಲಶ್ರೀಗೆ ಮೈಯೆಲ್ಲ ಉರಿಯಿತು. ಅಥಣಿಯ ಶಾಲೆಯಲ್ಲಿ ಅರ್ಕಾವತ್ತು ತಪ್ಪಿದ್ದಕ್ಕೆ ಕಿವಿ ಹಿಂಡಿಸಿಕೊಂಡು ಕಲಿತವಳು ಅವಳು.

"ನನ್ನ ಭಾಷಾ ನನಗ ಬರ್ತದಂತ ಇವಗ ಸರ್ಟಿಫಿಕೇಟ್ ತೋರಿಸಬೇಕೇನು?" ಎಂದು ಗಂಡ ಶಿವರಾಜನ ಮುಂದೆ ಸಿಡುಕಿದಳು.

ಚಾಕಣದ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದ ಅವನು ಚಹಾ ಗುಟುಕರಿಸುತ್ತ, "ಅವಗ ಕನ್ನಡ ಬರೂದಿಲ್ಲ. ಕೇಳೂದು ಬರೋಬ್ಬರಿ ಅದ. ತೋರ್ಸು," ಎಂದ. ಅವನ ಮಾತು ಸರಿ ಎಂಬುದೇ ಅವಳನ್ನು ಇನ್ನಷ್ಟು ಕೆರಳಿಸಿತು.

ಹಳೆಯ ವ್ಯಾಕರಣ ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ ಕಳಿಸಿದಳು. ಕನ್ನಡ ಬಲ್ಲ ಇನ್ನೊಬ್ಬರು ಒಪ್ಪಲಿ ಎಂದು ಉತ್ತರ ಬಂತು. ಹೊಳಬಸಪ್ಪನವರನ್ನು ಸೈಬರ್ ಕೆಫೆಗೆ ಕರೆದೊಯ್ದಳು. ಅವರು ಒಂದೇ ಬೆರಳಿನಿಂದ ಕುಟ್ಟಿ, ತಮ್ಮ ಇಂಗ್ಲಿಷಿನಲ್ಲಿ, ಈ ಹೆಣ್ಣುಮಗಳು ಹೇಳುವುದು ಖರೆ ಎಂದು ಬರೆದರು. ಹೆನ್ರಿಕ್ ಇಬ್ಬರಿಗೂ ಧನ್ಯವಾದ ಹೇಳಿದ. ಆದರೆ ಈ ಆವೃತ್ತಿಗೆ ತಿದ್ದುಪಡಿ ಸೇರಿಸುವ ಗಡುವು ಮುಗಿದಿದೆ, ಮುಂದಿನದರಲ್ಲಿ ನೋಡೋಣ ಎಂದ.

ಮುಂದಿನದು ಬರುವಷ್ಟರಲ್ಲಿ ವರ್ಷ ಕಳೆದಿತ್ತು. ಅಕ್ಷರಗಳೇನೋ ಸರಿಯಾಗಿದ್ದವು. ಪತ್ರಿಕೆ ಮಾತ್ರ ಆಗಲೇ ಬುಧವಾರ ಪೇಠದ ಡಿಟಿಪಿ ಅಂಗಡಿ ಸೇರಿತ್ತು.

"ಎಷ್ಟಂತ ಕಾಯೂದವ್ವಾ. ಮಂದಿ ಬೈಲಿಕ್ಕೆ ಹತ್ತಿದ್ರು. ಸಿಟ್ಟಾಗಬ್ಯಾಡ," ಎಂದರು ಹೊಳಬಸಪ್ಪ ಮುಜುಗರದಿಂದ.

ಸಿಟ್ಟಿಲ್ಲ ಎಂದಳು. ಮನೆ ಮುಟ್ಟುವವರೆಗೂ ಬಸ್ಸಿನಲ್ಲಿ ಹಲ್ಲು ಕಚ್ಚಿ ಕೂತಿದ್ದಳು.

ಅದೇ ವಾರ ಹೆನ್ರಿಕ್‌ನಿಂದ ಮತ್ತೊಂದು ಈಮೇಲ್: ಕನ್ನಡದ ಬಗ್ಗೆ ಬಂದ ದೂರುಗಳು ಇನ್ನೂ ಬಹಳಷ್ಟು ಬಾಕಿ ಇವೆ, ನೋಡಲು ಯಾರೂ ಇಲ್ಲ, ನೀವು ನೋಡುತ್ತೀರಾ?

ಓದಿ ಮುಚ್ಚಿಟ್ಟಳು. ಮರುದಿನ ಊಟದ ಬಿಡುವಿನಲ್ಲಿ ತೆರೆದು ಉತ್ತರ ಬರೆದಳು: "ನೋಡುತ್ತೇನೆ. ಆದರೆ ಇನ್ನು ಮೇಲೆ ಕನ್ನಡದ ಅಕ್ಷರ ಹೇಗಿರುತ್ತದೆ ಎಂದು ನಾನು ಹೇಳಿದರೆ ನೀವು ನಂಬಬೇಕು."