ಲಾಳಿಗೆ ಹೊಸ ಬಾಯಿ

"ಯಾವಳ ಬಾಯಿ ರಕ್ತಾನೇ ಇದು? ಬೊಗಳ್ರೇ, ಮುಂಡೇರಾ!"

ಮೇಸ್ತ್ರಿ ಬಿಳಿ ಬಟ್ಟೆಯ ಥಾನನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದ. ಮಗ್ಗಗಳನ್ನು ನಿಲ್ಲಿಸಿಯಾಗಿತ್ತು. ಬಟ್ಟೆಯ ನಡುವೆ, ಹೊಕ್ಕಿನ ಎಳೆಯ ಉದ್ದಕ್ಕೂ, ತುಕ್ಕಿನ ಬಣ್ಣದ ಒಂದು ಗೀರು ಹರಿದು ಅಂಚಿನ ಹತ್ತಿರ ಮಸುಕಾಗಿತ್ತು.

"ಬಾಯ್ತುಂಬ ಕೀವು ಇಟ್ಕೊಂಡು ಧಣಿ ಬಟ್ಟೆ ಮೇಲೆ ಉಗೀತೀರಾ? ಸಾಲಾಗಿ ನಿಂತ್ಕೊಳ್ಳಿ. ಬಾಯಿ ತೆಗೀರಿ ಎಲ್ಲಾ."

ಹೆಂಗಸರು ಗೋಡೆಗೆ ಒರಗಿ ಸಾಲಾಗಿ ನಿಂತರು. ಮೇಸ್ತ್ರಿಯ ಕೈಯಲ್ಲಿ ಮಗ್ಗದ ತಿರುಪು ಬಿಚ್ಚುವ ಸ್ಕ್ರೂಡ್ರೈವರ್ ಇತ್ತು. ಎತ್ತು ಕೊಳ್ಳಲು ಬಂದವನು ದವಡೆ ನೋಡುವ ಹಾಗೆ, ಅದರ ತುದಿಯಿಂದ ಒಬ್ಬೊಬ್ಬಳ ತುಟಿಯನ್ನು ಮೇಲಕ್ಕೆತ್ತಿ ನೋಡುತ್ತ ಬಂದ. ಎಲ್ಲರೂ ಮಾತಿನಮಲ್ಲಿ ಎಂದು ಕರೆಯುವ ಹೆಂಗಸು ತನ್ನ ಸರದಿ ಬಂದಾಗ ನಾಲಗೆಯನ್ನೂ ಚಾಚಿ ನಿಂತಳು.

"ಸರಿಯಾಗಿ ನೋಡಪ್ಪಾ, ಕರುಳೂ ಕಾಣ್ಸುತ್ತೆ. ಬೆಳಗ್ಗೆಯಿಂದ ಅಡ್ಡ ಏನೂ ಬಿದ್ದಿಲ್ಲ."

ಸಾಲಿನಲ್ಲಿ ನಗು ಹರಿಯಿತು. ಮೇಸ್ತ್ರಿ ಮುಂದಕ್ಕೆ ಸರಿದ. ಕೊನೆಯಲ್ಲಿದ್ದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವನು ಸೆರಗಿನ ಅಡಿಗೆ ಸ್ಕ್ರೂಡ್ರೈವರ್ ತೂರಿಸಿ ಎಳೆದ.

"ಥೂ! ನಿಂದೇನಾ ಸೀಟಿ? ನಾರ್ತಾ ಇದ್ದೀಯಲ್ಲೇ, ಸತ್ತ ಹೆಗ್ಗಣದ ಥರ. ನಡಿ ಆಫೀಸಿಗೆ."

ಸೀಟಿಯಕ್ಕ ಎಂಬುದು ಶೆಡ್ಡಿನಲ್ಲಿ ಅವಳಿಗೆ ಬಿದ್ದ ಹೆಸರು. ಮುಂದಿನ ಹಲ್ಲುಗಳು ಮುರಿದು ಮೊಟಕಾದ ಮೇಲೆ ಅವಳ ಮಾತಿನಲ್ಲಿ ಸಣ್ಣ ಶಿಳ್ಳೆ ಸೇರಿಕೊಂಡಿತ್ತು. ಹಲ್ಲು ಹೋದದ್ದು ವಯಸ್ಸಿನಿಂದಲ್ಲ, ಲಾಳಿಯಿಂದ. ಮಗ್ಗದಲ್ಲಿ ಅತ್ತಿಂದಿತ್ತ ಹಾರುವ ಮರದ ಲಾಳಿಯ ಹೊಟ್ಟೆಯೊಳಗೆ ನೂಲು ಸುತ್ತಿದ ಕಂಡಿಕೆ ಇರುತ್ತದೆ. ನೂಲು ತೀರಿದಾಗ ಹೊಸ ಕಂಡಿಕೆ ಹಾಕಿ, ಎಳೆಯ ತುದಿಯನ್ನು ಲಾಳಿಯ ಪಕ್ಕದ ಸಣ್ಣ ತೂತಿನಿಂದ ಹೊರಗೆ ತರಬೇಕು. ಬೆರಳು ಹೋಗದಷ್ಟು ಸಣ್ಣ ತೂತು. ಅದಕ್ಕೆ ತುಟಿ ಹಚ್ಚಿ ಒಮ್ಮೆ ಜೋರಾಗಿ ಉಸಿರೆಳೆದರೆ ಎಳೆ ಬಾಯಿಗೆ ಬರುತ್ತದೆ. ಎಳೆಯೊಂದೇ ಬರುವುದಿಲ್ಲ. ಹತ್ತಿಯ ಧೂಳು, ಯಂತ್ರದ ಎಣ್ಣೆ, ಗಂಜಿಯ ಪುಡಿ, ಹಿಂದಿನ ಪಾಳಿಯಲ್ಲಿ ಅದೇ ಲಾಳಿಗೆ ಬಾಯಿ ಹಚ್ಚಿದವಳ ಎಂಜಲು, ಅವಳ ಕೆಮ್ಮು ಎಲ್ಲವೂ ಬರುತ್ತವೆ. ಒಬ್ಬಳಿಗೆ ಬಾಯಿಹುಣ್ಣಾದರೆ ವಾರ ಕಳೆಯುವುದರೊಳಗೆ ಸಾಲಿಗೆಲ್ಲ ಆಗುತ್ತಿತ್ತು.

ಸೀಟಿಯಕ್ಕ ತನ್ನ ಬಾಯಿಯೊಂದಿಗೆ ಒಂದು ಒಪ್ಪಂದಕ್ಕೆ ಬಂದಿದ್ದಳು. ಅಗಿಯುವುದು ಎಡಗಡೆ, ಮಲಗುವುದೂ ಎಡಗಡೆ. ತಣ್ಣೀರನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗಾದ ಮೇಲೆ ಕುಡಿಯುವುದು. ಏಳುತ್ತಲೇ ಉಪ್ಪುನೀರು ಮುಕ್ಕಳಿಸಿ, ಎಷ್ಟು ಕೆಂಪಾಗಿ ಬಂತೆಂದು ನೋಡಿ ಆ ದಿನ ಹೇಗೆ ಹೋಗುತ್ತದೆಂದು ಅಂದಾಜು ಮಾಡುವುದು. ಮಧ್ಯಾಹ್ನಕ್ಕೆ ಸೆರಗಿನ ಗಂಟಿನಲ್ಲಿ ಒಂದು ಲವಂಗ. ಲವಂಗಕ್ಕೆ ಬಗ್ಗದ ದಿನ ಅಂಗಡಿಯ ನೋವಿನ ಮಾತ್ರೆ. ಮಾತ್ರೆ ನುಂಗಿದರೆ ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆ ಉರಿಯುವಾಗ ಹಲ್ಲು ಮರೆಯುತ್ತಿತ್ತು. ಅಷ್ಟರ ಮಟ್ಟಿಗೆ ಅದು ಕೆಲಸ ಮಾಡುತ್ತಿತ್ತು.

ಆಫೀಸಿನಲ್ಲಿ ಧಣಿಯ ಎದುರು ಹಲ್ಲಿನ ಡಾಕ್ಟರು ಕೂತಿದ್ದರು. ಕಲೆ ಬಿದ್ದ ಬಟ್ಟೆಯನ್ನು ವ್ಯಾಪಾರಿ ವಾಪಸು ಕಳಿಸಿದ ಸಿಟ್ಟಿನಲ್ಲಿ ಧಣಿಯೇ ಅವರನ್ನು ಕರೆಸಿದ್ದ. ಡಾಕ್ಟರು ಸೀಟಿಯಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಟಾರ್ಚ್ ಹಾಕಿ, ಸಣ್ಣ ಕನ್ನಡಿಯನ್ನು ಬಾಯೊಳಗಿಟ್ಟರು.

"ಎಷ್ಟು ದಿನದಿಂದ ನೋವಮ್ಮಾ?"

"ನೋವಿಲ್ದೆ ಇದ್ದದ್ದು ಯಾವಾಗ ಅಂತ ಕೇಳಿ ಡಾಕ್ಟ್ರೇ, ಯೋಚ್ನೆ ಮಾಡಿ ಹೇಳ್ತೀನಿ."

ಡಾಕ್ಟರು ಟಾರ್ಚ್ ಆರಿಸಿದರು. ಉಳಿದದ್ದನ್ನೆಲ್ಲ ಧಣಿಗೆ ಹೇಳಿದರು.

"ಮುಂದಿನವು ಹೋಗಿವೆ. ವಸಡು ಕೊಳೆತಿದೆ. ದವಡೆ ಮೂಳೆಗೂ ಇಳಿದಿರೋ ಹಾಗಿದೆ."

"ಎಲ್ಲಾ ಕಿತ್ಹಾಕಿದ್ರೆ ರಕ್ತ ನಿಲ್ಲುತ್ತಾ?"

"ಹಲ್ಲು ಕಿತ್ರೂ ವಸಡು ಅಲ್ಲೇ ಇರುತ್ತಲ್ಲ. ಲಾಳಿಗೆ ಬಾಯಿ ಇಡೋದನ್ನೇ ಬಿಡ್ಬೇಕು. ಇವರೊಬ್ಬರಲ್ಲ, ಎಲ್ಲರೂ."

"ತಂತಿ ಕೊಕ್ಕೇಲಿ ಎಳೀತಾ ಕೂತ್ರೆ ಮಗ್ಗ ನಿಂತೇ ಇರುತ್ತೆ ಡಾಕ್ಟ್ರೇ. ಬಾಯಲ್ಲಾದ್ರೆ ಒಂದು ಉಸಿರಿನ ಕೆಲಸ."

ಡಾಕ್ಟರು ಕೈ ತೊಳೆದುಕೊಂಡರು. ಕಾಫಿ ಬಂತು. ಲೋಟ ತುಟಿಗೆ ಹೋದ ಮೇಲೆ ಅವರ ಬಾಯಿಂದ ಆ ವಿಷಯ ಮತ್ತೆ ಬರಲಿಲ್ಲ. ಹೊರಡುವಾಗ ಮಾತ್ರ ಸೀಟಿಯಕ್ಕನ ಕಡೆ ತಿರುಗಿ, "ಸಿಹಿ ಬಿಟ್ಬಿಡಮ್ಮ. ದಿನಾ ಎರಡು ಸಲ ಬ್ರಷ್ ಮಾಡು" ಎಂದರು.

ಧಣಿ ಮೇಸ್ತ್ರಿಯ ಮುಖ ನೋಡಿದ.

"ಇವಳ ಮನೇಲಿ ಇನ್ಯಾರಿದ್ದಾರೋ?"

"ಗಂಡ ಇದ್ದಾನೆ ಧಣಿ, ಹತ್ತಿ ಬಿಡಿಸೋ ಕೋಣೇಲಿದ್ದವ್ನು. ಅವ್ನ ಎದೆ ಹೋಯ್ತು. ಮಗ ಲಾರಿ ಮೇಲೆ ಹೋಗಿದ್ದಾನೆ. ಸೊಸೆ ಒಬ್ಬಳಿದ್ದಾಳೆ, ಹೊಸಬಳು." ಮೇಸ್ತ್ರಿ ತನ್ನ ಹಲ್ಲನ್ನು ಬೆರಳಿನಿಂದ ತಟ್ಟಿ ತೋರಿಸಿದ. "ಮುತ್ತು ಪೋಣಿಸಿದ ಹಾಗಿದೆ."

"ಹಾಗಾದ್ರೆ ಸರಿಹೋಯ್ತಲ್ಲ. ನೋಡಮ್ಮಾ, ನಿನ್ನ ಮಗ್ಗ ನಿನ್ನ ಮನೆಯವರ ಕೈಲೇ ಉಳೀಲಿ. ನಾಳೆ ಅವಳನ್ನ ಕೂರಿಸು. ಹೊಸ ಬಾಯಿ, ಹತ್ತು ವರ್ಷ ಯೋಚ್ನೆ ಇಲ್ಲ."

"ಅವ್ಳು ಮಗ್ಗಕ್ಕೆ ಬಂದವಳಲ್ಲ ಧಣಿ."

"ರೂಮು ಮಗ್ಗದವರಿಗೆ ಕೊಟ್ಟಿರೋದು. ಮಗ್ಗ ಬೇಡ ಅಂದ್ರೆ ರೂಮೂ ಬೇಡ ಅಂತ."

ಶೆಡ್ಡಿನ ಹಿಂದಿನ ಸಾಲಿನ ರೂಮುಗಳಲ್ಲಿ ಅವಳದು ಕೊನೆಯದು. ಒಂದೇ ಕೋಣೆ, ಮೂಲೆಯಲ್ಲಿ ಒಲೆ, ಗೂಡಿನಲ್ಲಿ ಗಂಡನ ಔಷಧಿಯ ಬಾಟಲಿಗಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಅವನು ಹಾಸಿಗೆಯ ಸುರುಳಿಗೆ ಬೆನ್ನು ಕೊಟ್ಟು ಹಗಲೂ ರಾತ್ರಿ ಕೂತೇ ಇರುತ್ತಿದ್ದ. ಹೆಂಡತಿ ಆಫೀಸಿನಲ್ಲಿ ನಡೆದದ್ದನ್ನು ಹೇಳುವಾಗ ನಡುವೆ ಬಾಯಿ ಹಾಕದೆ ಕೇಳಿದ.

"ಸಿಹಿ ಬಿಡು ಅಂದ್ರಾ?" ಎಂದ ಕೊನೆಗೆ. "ಬಿಡೋಣ. ಒಂದ್ಸಲ ಹಿಡ್ಕೊಂಡು ಆಮೇಲೆ ಬಿಡೋಣ." ನಗು ಕೆಮ್ಮಾಯಿತು. ಕೆಮ್ಮು ಇಳಿದ ಮೇಲೆ ಮತ್ತೆ ಹೇಳಿದ: "ನಮ್ಮಿಬ್ರನ್ನೂ ಬಿಚ್ಚಿ ಜೋಡಿಸಿದ್ರೆ ಒಂದು ನೆಟ್ಟಗಿರೋ ಮನುಷ್ಯ ಆಗ್ಬಹುದು ಕಣೇ. ನನ್ನ ಹಲ್ಲು, ನಿನ್ನ ಎದೆ."

ಸೊಸೆ ಒಲೆಯ ಮುಂದೆ ಅತ್ತೆಗೆಂದು ಅನ್ನವನ್ನು ಮೆತ್ತಗೆ ಕಿವುಚುತ್ತಿದ್ದಳು. ಹೆಣ್ಣು ನೋಡಲು ಹೋದ ದಿನ ಉಳಿದವರು ಬಣ್ಣ, ಎತ್ತರ ಎಂದು ನೋಡುತ್ತಿದ್ದರೆ ಸೀಟಿಯಕ್ಕ ಹುಡುಗಿ ನಕ್ಕಾಗ ಕಂಡ ಹಲ್ಲುಗಳನ್ನೇ ನೋಡುತ್ತ ಕೂತಿದ್ದಳು. ಒಂದೂ ಸೊಟ್ಟಗಿರಲಿಲ್ಲ. ಈ ಮನೆಗೆ ಬಂದ ಮೇಲೂ ಅವಳು ಬಾಯಿ ಮುಚ್ಚಿಕೊಂಡು ನಗುವುದನ್ನು ಕಲಿತಿರಲಿಲ್ಲ.

"ಹೋಗ್ತೀನಿ ಬಿಡಿ ಅತ್ತೆ," ಎಂದಳು ಸೊಸೆ. "ಎಲ್ರೂ ಮಾಡೋ ಕೆಲ್ಸ ತಾನೇ? ರೂಮು ಬಿಟ್ಟು ಮಾವನ್ನ ಕಟ್ಕೊಂಡು ಎಲ್ಲಿಗೆ ಹೋಗೋದು?"

"ಇಲ್ಲಿ ಬಾ."

ಸೀಟಿಯಕ್ಕ ಬಾಗಿಲ ಬೆಳಕಿಗೆ ಮುಖ ಮಾಡಿ ಕೂತಳು. ಸೆರಗು ತೆಗೆದಳು. ಸೊಸೆ ಮನೆಗೆ ಬಂದ ಲಾಗಾಯ್ತು ಅತ್ತೆ ಊಟ ಮಾಡುವಾಗಲೂ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಈಗ ಎರಡು ಬೆರಳಿನಿಂದ ಮೇಲಿನ ತುಟಿಯನ್ನು ಎತ್ತಿ ಹಿಡಿದು, ಕತ್ತು ಹಿಂದಕ್ಕೆ ವಾಲಿಸಿ, ಪೂರ್ತಿ ಬಾಯಿ ತೆರೆದಳು. ಕಪ್ಪು ಮೊಟಕುಗಳು. ಅವುಗಳ ಬುಡದಲ್ಲಿ ನೀಲಿಗಟ್ಟಿ ಉಬ್ಬಿದ ವಸಡು. ಒಂದು ಕಡೆ ಅದು ಒಡೆದು, ಒಳಗೆ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತ್ತು.

"ಸರಿಯಾಗಿ ನೋಡು. ಮುಖ ತಿರುಗಿಸ್ಬೇಡ."

ಸೊಸೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ ಅನ್ನದ ತಟ್ಟೆ ತಂದು ಅತ್ತೆಯ ಮುಂದಿಟ್ಟಳು.

"ನಾನು ಬಾಯಿ ಇಡಲ್ಲ," ಎಂದಳು.

"ಅಷ್ಟೇ ನಾನು ಕೇಳಿದ್ದು. ನಾಳೆ ನಾನೇ ಹೋಗಿ ಹೇಳ್ತೀನಿ."

"ನಿಮ್ಮ ಜೊತೆ ನಾನೂ ಬರ್ತೀನಿ. ನನ್ನ ಬಾಯಿ ವಿಷ್ಯ ನಾನೇ ಹೇಳ್ಬೇಕು."

ಬೆಳಗ್ಗೆ ಅತ್ತೆ ಸೊಸೆ ಶೆಡ್ಡಿಗೆ ಹೋದಾಗ ಮಗ್ಗಗಳು ಆಗಲೇ ಓಡುತ್ತಿದ್ದವು. ನೆಲ ಅದುರುತ್ತಿತ್ತು. ಬಾಗಿಲಲ್ಲೇ ಇದ್ದ ಮೇಸ್ತ್ರಿ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ ಸೀಟಿಯಕ್ಕನ ಕಿವಿಯ ಹತ್ತಿರ ಕೂಗಿದ.

"ಬುದ್ಧಿ ಬಂತಲ್ಲ ಮುಂಡೇದಕ್ಕೆ! ಎಲ್ಲೇ, ತೋರ್ಸು ನಿನ್ನ ಮುತ್ತು."

"ನಾನು ಮಗ್ಗಕ್ಕೆ ಬಂದಿಲ್ಲ," ಎಂದು ಸೊಸೆಯೂ ಕೂಗಿದಳು. "ಬರಲ್ಲ ಅಂತ ಹೇಳೋಕೆ ಬಂದೆ."

ಮೇಸ್ತ್ರಿಗೆ ಕೇಳಿಸಲಿಲ್ಲವೋ, ಕೇಳಿಸಿದ್ದು ಬೇಕಾಗಿರಲಿಲ್ಲವೋ. ಅವಳ ಗಲ್ಲವನ್ನು ಗಟ್ಟಿಯಾಗಿ ಹಿಡಿದು, ತುಟಿ ಎತ್ತಲು ಹೆಬ್ಬೆರಳನ್ನು ಬಾಯೊಳಗೆ ತೂರಿಸಿದ.

ಸೊಸೆ ಕಚ್ಚಿದಳು.

ಮೇಸ್ತ್ರಿಯ ಬಾಯಿ ಅಗಲವಾಗಿ ತೆರೆದುಕೊಂಡದ್ದು ಶೆಡ್ಡಿನಲ್ಲಿದ್ದವರಿಗೆಲ್ಲ ಕಾಣಿಸಿತು. ಕೂಗು ಯಾರಿಗೂ ಕೇಳಿಸಲಿಲ್ಲ. ಅವನು ಕೈ ಕೊಡವಿದ. ಎರಡನೆಯ ಸಲ ಕೊಡವಿದ ಮೇಲೆಯೇ ಅವಳು ಬಿಟ್ಟದ್ದು. ಉಗಿದು, ಅಂಗೈಯಿಂದ ಬಾಯಿ ಒರೆಸಿಕೊಂಡು, ಅವಳು ನೆಟ್ಟಗೆ ರೂಮಿನ ಕಡೆ ನಡೆದಳು. ಮೇಸ್ತ್ರಿ ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ಆಫೀಸಿನ ಕಡೆ ಓಡಿದ.

ಸೀಟಿಯಕ್ಕ ತನ್ನ ಮಗ್ಗಕ್ಕೆ ಹೋದಳು. ರಾತ್ರಿ ಪಾಳಿಯವಳು ಬಿಟ್ಟುಹೋದ ಕಂಡಿಕೆಯಲ್ಲಿ ನೂಲು ತೀರಿತ್ತು. ಹೊಸ ಕಂಡಿಕೆ ಹಾಕಿದಳು. ಲಾಳಿಯನ್ನು ತುಟಿಯ ಹತ್ತಿರದ ತನಕ ತಂದು ಕೆಳಗಿಳಿಸಿದಳು. ಆಮೇಲೆ ತುರುಬಿನಿಂದ ಪಿನ್ನೊಂದನ್ನು ಕಿತ್ತು, ಅದರ ತುದಿಯನ್ನು ಮಗ್ಗದ ಕಬ್ಬಿಣಕ್ಕೆ ಒತ್ತಿ ಬಗ್ಗಿಸಿ, ತೂತಿನೊಳಗೆ ಬಿಟ್ಟು ಎಳೆಯನ್ನು ತಡಕತೊಡಗಿದಳು. ಎಳೆ ಜಾರಿತು. ಮತ್ತೆ ತಡಕಿದಳು. ಮತ್ತೂ ಜಾರಿತು.

ಪಕ್ಕದ ಮಗ್ಗದಿಂದ ಮಾತಿನಮಲ್ಲಿ ನೋಡುತ್ತಿದ್ದಳು. ಆ ಸದ್ದಿನಲ್ಲಿ ಕಿವಿ ಉಪಯೋಗಕ್ಕೆ ಬಾರದು; ಅಲ್ಲಿಯ ಹೆಂಗಸರು ಒಬ್ಬರ ತುಟಿಯನ್ನೊಬ್ಬರು ನೋಡಿಯೇ ಮಾತಾಡುವುದು. ಮಾತಿನಮಲ್ಲಿಯ ತುಟಿ ಕೇಳಿತು: "ಏನೇ ಮಾಡ್ತಿದ್ದೀಯ?"

ಸೀಟಿಯಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಶೆಡ್ಡಿನ ಆ ಕೊನೆಯವರಿಗೂ ಕಾಣುವ ಹಾಗೆ ಮಗ್ಗದ ಮೆಟ್ಟಿಲ ಮೇಲೆ ಹತ್ತಿ ನಿಂತು, ಆ ಬಾಯಿಯನ್ನು ಅಗಲಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಬಾಯಿ. ಇಡ. ಬೇಡಿ."

ಅವಳ ತುಟಿ ಓದಿದವರು ಮೊದಲು ಮಾತನ್ನು ನೋಡಿದರು, ಆಮೇಲೆ ಬಾಯಿಯನ್ನು. ಮಾತಿನಮಲ್ಲಿಯ ಕೈ ತಾನಾಗಿ ತನ್ನ ತುರುಬಿನ ಪಿನ್ನಿಗೆ ಹೋಯಿತು. ಅವಳ ಕಂಡಿಕೆ ತೀರಿದಾಗ ಅವಳ ಮಗ್ಗವೂ ನಿಂತಿತು, ಎಂದಿನಷ್ಟು ಬೇಗ ಮತ್ತೆ ಓಡಲಿಲ್ಲ. ಅದರ ಆಚೆಯದು ನಿಂತಿತು. ಧಣಿ ಬರುವ ಹೊತ್ತಿಗೆ ಶೆಡ್ಡಿನ ಸದ್ದಿನಲ್ಲಿ ಅಲ್ಲಲ್ಲಿ ತೂತು ಬಿದ್ದಿತ್ತು. ಸೀಟಿಯಕ್ಕನ ಎಳೆ ಆಗತಾನೇ ಹೊರಗೆ ಬಂದಿತ್ತು.

"ಏನೇ ಇದು ನಾಟಕ?"

"ಡಾಕ್ಟ್ರು ಹೇಳಿದ್ದು ಧಣಿ. ಎಲ್ರೂ ಬಿಡ್ಬೇಕು ಅಂದ್ರಲ್ಲ, ನಿಮ್ಮೆದುರಿಗೇ."

"ಡಾಕ್ಟರು ನಿನಗೆ ಕೂಳು ಹಾಕ್ತಾನಾ?"

"ನೀವು ಹಾಕಿದ ಕೂಳು ಅಗಿಯೋಕೆ ಹಲ್ಲು ಎಲ್ಲಿ ಬಿಟ್ಟಿದ್ದೀರಿ?"

ಸದ್ದು ತಗ್ಗಿದ್ದರಿಂದ ಅವಳ ಮಾತಿನ ಶಿಳ್ಳೆ ಸುತ್ತಲಿನವರಿಗೆಲ್ಲ ಕೇಳಿಸಿತು. ಯಾರೂ ನಗಲಿಲ್ಲ.

"ಸೂಳೇರಾ, ಹಿಂಗೇ ಪಿನ್ನು ಆಡಿಸ್ತಾ ಕೂತ್ರೆ ಥಾನು ಮುಗಿಯೋದು ಯಾವಾಗ?"

ಸೀಟಿಯಕ್ಕ ಮೆಟ್ಟಿಲಿಂದ ಇಳಿದು, ಮಾತಿನಮಲ್ಲಿಯ ಕೈಯಲ್ಲಿದ್ದ ಲಾಳಿಯನ್ನು ತೆಗೆದುಕೊಂಡು ಧಣಿಯ ಮುಂದೆ ಚಾಚಿದಳು. ತುಟಿಗಳು ಉಜ್ಜಿ ಉಜ್ಜಿ ತೂತಿನ ಸುತ್ತ ಮರ ನುಣ್ಣಗೆ ಕಪ್ಪಾಗಿತ್ತು.

"ಬೇಗ ಆಗ್ಬೇಕು ಅಂದ್ರೆ ನೀವೇ ಎಳೀರಿ. ಒಂದು ಉಸಿರಿನ ಕೆಲಸ."

ಧಣಿ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದ. ಲಾಳಿ ಚಾಚಿದ ಕಡೆಯೇ ಇತ್ತು. ಹೆಂಗಸರು ನೋಡುತ್ತಿದ್ದರು. ಅವನು ಬಾಗಿಲ ಕಡೆ ತಿರುಗಿ ಮೇಸ್ತ್ರಿಯನ್ನು ಕೂಗಿದ.

"ಇವಳ ರೂಮಿಗೆ ಬೀಗ ಜಡಿ. ಈಗಲೇ. ಸಾಮಾನು ಬೀದಿಗೆ ಎಸಿ."

ಬೀಗ ಹುಡುಕಿ ತರುವಷ್ಟರಲ್ಲಿ ಸೀಟಿಯಕ್ಕ ರೂಮಿನ ಮುಂದೆ ಇದ್ದಳು. ಸೊಸೆ ಹೊಸ್ತಿಲ ಮೇಲೆ ಅಡ್ಡ ಕೂತು, ಒಂದು ಕಾಲನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದಿದ್ದಳು. ಒಳಗಿನಿಂದ ಮಾವನ ಕೆಮ್ಮು. ಕೆಮ್ಮಿನ ನಡುವೆ ಮಾತು.

"ಬೀಗ ತಂದ್ನೇನೇ? ಹಾಕ್ಲಿ, ನನ್ನನ್ನೂ ಸೇರ್ಸಿ ಹಾಕ್ಲಿ! ಹೆಣ ತೆಗ್ಯೋಕೆ ಅವನೇ ಬಂದು ತೆಗೀಬೇಕು ಬೋಳಿಮಗ!"

ಸೀಟಿಯಕ್ಕ ಸೊಸೆಯ ಪಕ್ಕದಲ್ಲಿ ಕೂತಳು. ಮೇಸ್ತ್ರಿ ಬಂದ. ಬಲಗೈ ಹೆಬ್ಬೆರಳಿಗೆ ಸುತ್ತಿದ ಬಟ್ಟೆಯ ಚೂರು ಒದ್ದೆಯಾಗಿತ್ತು. ಎಡಗೈಯಲ್ಲಿ ಬೀಗ.

"ಏಳ್ರೇ ಮೇಲೆ."

ಯಾರೂ ಏಳಲಿಲ್ಲ. ಚಿಲಕಕ್ಕೆ ಕೈ ಹೋಗಬೇಕಾದರೆ ಅವನು ಸೊಸೆಯ ತಲೆಯ ಮೇಲೆ ಬಗ್ಗಬೇಕಿತ್ತು. ಒಂದು ಹೆಜ್ಜೆ ಮುಂದಿಟ್ಟ.

"ಬಾ," ಎಂದಳು ಸೊಸೆ, ಹಲ್ಲೆಲ್ಲ ಕಾಣುವ ಹಾಗೆ ನಕ್ಕು. "ಇನ್ನೊಂದು ಕೈ ಇದೆಯಲ್ಲ."

ಮೇಸ್ತ್ರಿ ನಿಂತ. ಶೆಡ್ಡಿನ ಕಡೆಯಿಂದ ಮಗ್ಗಗಳ ಸದ್ದು ಬರುತ್ತಿತ್ತು. ಒಂದು ಓಡುವುದು, ನಿಲ್ಲುವುದು. ಇನ್ನೊಂದು ನಿಲ್ಲುವುದು, ತುಂಬ ಹೊತ್ತಿನ ಮೇಲೆ ಓಡುವುದು.